ಲ್ಯಾಪ್‌ಟಾಪಿನೊಳಗೆ ನಿಜಕ್ಕೂ ಏನಿದೆ? ಲಿನಕ್ಸ್ ಟರ್ಮಿನಲ್‌ನಲ್ಲಿ ಹಾರ್ಡ್‌ವೇರ್ ಪಟ್ಟಿ ತೆಗೆಯುವ ಕ್ರಮ

‘ಲಿನಕ್ಸ್ ಹಾಕಿದೆ, ವೈಫೈ ಬರ್ತಿಲ್ಲ, ಯಾವ ಡ್ರೈವರ್ ಹಾಕ್ಬೇಕು?’ ಎಂದು ಕೇಳುವವರು ಜೊತೆಗೆ ಲ್ಯಾಪ್‌ಟಾಪಿನ ಮಾಡೆಲ್ ಹೆಸರು ಹೇಳುತ್ತಾರೆ. ಅದೊಂದೇ ಸಾಲದು. ಒಂದೇ ಮಾಡೆಲಿನ ಒಂದು ತಂಡಕ್ಕೆ ಇಂಟೆಲ್ ವೈಫೈ ಕಾರ್ಡ್, ಇನ್ನೊಂದಕ್ಕೆ ರಿಯಲ್‌ಟೆಕ್, ಮತ್ತೊಂದಕ್ಕೆ ಮೀಡಿಯಾಟೆಕ್ ಕೂರಿಸುವುದು ತಯಾರಕರ ರೂಢಿ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡವರದೂ ಇದೇ ಪಾಡು: ‘16 ಜಿಬಿ ರ‍್ಯಾಮ್, 512 ಎಸ್‌ಎಸ್‌ಡಿ’ ಎಂದು ಬಾಯಲ್ಲಿ ಹೇಳಿದ್ದು ಒಳಗಿದೆಯೇ ಎಂದು ನೋಡಬೇಕು. ಸ್ಕ್ರೂ ಬಿಚ್ಚದೆ ಇದನ್ನು ತಿಳಿಯುವ ದಾರಿ ಟರ್ಮಿನಲ್, ಅಂದರೆ ಕಮಾಂಡ್ ಒತ್ತಿ ಉತ್ತರ ಪಡೆಯುವ ಕಿಟಕಿ.

ಮೊದಲೇ ಒಂದು ಮಾತು. ಸಾಧನ ಪಟ್ಟಿಯಲ್ಲಿ ಕಾಣುವುದು ಬೇರೆ, ಅದಕ್ಕೆ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಅಂಟಿಕೊಂಡಿರುವುದು ಬೇರೆ, ಅದು ಕೆಲಸ ಮಾಡುವುದು ಇನ್ನೂ ಬೇರೆ. ಈ ಮೂರನ್ನು ಒಂದೇ ಎಂದುಕೊಂಡವರು ಡ್ರೈವರ್ ಹುಡುಕುತ್ತಾ ದಿನ ಕಳೆಯುತ್ತಾರೆ. ತೊಂದರೆ ನೋಡಿದರೆ ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ ತಂತ್ರಾಂಶವಾದ ಬಯಾಸ್‌ನ ಒಂದು ಸೆಟ್ಟಿಂಗ್ ಆಗಿರುತ್ತದೆ.

ಕಮಾಂಡ್‌ಗಳನ್ನು ಓದುವ ಬಗೆ

ಇಲ್ಲಿ ಕಮಾಂಡ್‌ಗಳನ್ನು ಇಂಗ್ಲಿಷ್ ಅಕ್ಷರಗಳ ಹೆಸರಿನಲ್ಲೇ, ನಡುವೆ ಚುಕ್ಕಿಯಿಟ್ಟು ಬರೆದಿದೆ. ಎಲ್·ಎಸ್ ಎಂದಿದ್ದರೆ ಆ ಎರಡು ಇಂಗ್ಲಿಷ್ ಅಕ್ಷರಗಳನ್ನು ಒಟ್ಟಿಗೆ, ಸಣ್ಣಕ್ಷರದಲ್ಲಿ ಒತ್ತಿ. ನಡುವಿನ ಚುಕ್ಕಿ ಬೇಡ. ಸಾಲಿನಲ್ಲಿ ಖಾಲಿ ಜಾಗವಿದ್ದ ಕಡೆ ಮಾತ್ರ ಸ್ಪೇಸ್. ಹೈಫನ್, ಅಲ್ಪವಿರಾಮ, ಅಂಕಿಗಳು ಇದ್ದಂತೆಯೇ. ‘ಎಲ್‌’ ಬದಲು 1 ಎಂಬ ಅಂಕಿ ಒತ್ತಿ ‘ಕಮಾಂಡ್ ನಾಟ್ ಫೌಂಡ್’ ಎಂದು ಬೈಸಿಕೊಳ್ಳುವವರು ಬಹಳ ಮಂದಿ.

ಬೇಕಾದ್ದು

ಉಬುಂಟು, ಮಿಂಟ್, ಡೆಬಿಯನ್, ಫೆಡೋರಾ, ಹೀಗೆ ಲಿನಕ್ಸಿನ ಯಾವ ಬಗೆಯಾದರೂ ಆದೀತು. ಇನ್‌ಸ್ಟಾಲ್ ಮಾಡಲೇಬೇಕೆಂದಿಲ್ಲ, ಪೆನ್‌ಡ್ರೈವಿನಿಂದ ಲೈವ್ ಆಗಿ ಬೂಟ್ ಮಾಡಿದರೂ ಸಾಕು. ಹಳೆಯ ಲ್ಯಾಪ್‌ಟಾಪನ್ನು ಅಂಗಡಿಯಲ್ಲೇ ಪರೀಕ್ಷಿಸಲು ಇದೇ ಒಳ್ಳೆಯ ಉಪಾಯ. ವಿಂಡೋಸ್ ಒಳಗಿನ ಡಬ್ಲ್ಯೂಎಸ್‌ಎಲ್ ಅಥವಾ ವರ್ಚುವಲ್‌ಬಾಕ್ಸ್‌ನಲ್ಲಿ ಈ ಕಮಾಂಡ್‌ಗಳನ್ನು ಕೊಡಬೇಡಿ. ಅಲ್ಲಿ ಸಿಗುವುದು ನಟನೆಯ ಹಾರ್ಡ್‌ವೇರಿನ ಪಟ್ಟಿ.

ಬಹುತೇಕ ಸಲಕರಣೆಗಳು ಮೊದಲೇ ಇರುತ್ತವೆ. ಇಲ್ಲದಿದ್ದರೆ ಉಬುಂಟು, ಮಿಂಟ್, ಡೆಬಿಯನ್‌ನಲ್ಲಿ ಹೀಗೆ:

ಎಸ್·ಯು·ಡಿ·ಓ ಎ·ಪಿ·ಟಿ ಐ·ಎನ್·ಎಸ್·ಟಿ·ಎ·ಎಲ್·ಎಲ್ ಪಿ·ಸಿ·ಐ·ಯು·ಟಿ·ಐ·ಎಲ್·ಎಸ್ ಯು·ಎಸ್·ಬಿ·ಯು·ಟಿ·ಐ·ಎಲ್·ಎಸ್ ಡಿ·ಎಂ·ಐ·ಡಿ·ಇ·ಸಿ·ಓ·ಡಿ·ಇ ಎಲ್·ಎಸ್·ಎಚ್·ಡಬ್ಲ್ಯೂ

ಮೊದಲ ಪದ ‘ಸುಡೊ’, ಅಂದರೆ ಮುಂದಿನ ಕಮಾಂಡನ್ನು ಅಡ್ಮಿನ್ ಅಧಿಕಾರದಲ್ಲಿ ನಡೆಸು ಎಂದು. ಪಾಸ್‌ವರ್ಡ್ ಒತ್ತುವಾಗ ಪರದೆಯ ಮೇಲೆ ಏನೂ ಮೂಡುವುದಿಲ್ಲ, ಅದು ಸರಿಯೇ. ಫೆಡೋರಾದಲ್ಲಿ ಎರಡನೆಯ ಪದದ ಬದಲು ಡಿ·ಎನ್·ಎಫ್ ಹಾಕಿ. ವೈಫೈಯೇ ಇಲ್ಲದೆ ಇದನ್ನು ಇಳಿಸಿಕೊಳ್ಳುವುದು ಹೇಗೆ ಎಂದರೆ, ಆಂಡ್ರಾಯ್ಡ್ ಫೋನನ್ನು ಕೇಬಲ್ಲಿನಿಂದ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ತಂತಿಯ ನೆಟ್‌ವರ್ಕ್ ಎಂದೇ ಹಿಡಿಯುತ್ತದೆ.

1. ಪಿಸಿಐ ಪಟ್ಟಿ: ಮುಖ್ಯವಾದದ್ದೆಲ್ಲ ಇಲ್ಲಿದೆ

ಸಾಧನಗಳು ಮದರ್‌ಬೋರ್ಡಿನ ಜೊತೆ ಮಾತಾಡುವ ದಾರಿಗೆ ಬಸ್ ಎನ್ನುತ್ತಾರೆ. ಒಂದೊಂದು ಬಸ್ಸಿಗೆ ಒಂದೊಂದು ಪಟ್ಟಿ. ಗ್ರಾಫಿಕ್ಸ್, ವೈಫೈ, ಈಥರ್‌ನೆಟ್, ಆಡಿಯೊ, ಎನ್‌ವಿಎಂಇ ಎಸ್‌ಎಸ್‌ಡಿ ಇವೆಲ್ಲ ಸಾಮಾನ್ಯವಾಗಿ ಪಿಸಿಐ ಬಸ್ಸಿನಲ್ಲಿರುತ್ತವೆ.

ಎಲ್·ಎಸ್·ಪಿ·ಸಿ·ಐ -ಎನ್·ಎನ್·ಕೆ

ಬಾಲದ ಮೂರಕ್ಷರ ಬಿಡಬೇಡಿ. ಎರಡು ‘ಎನ್‌’ ಹೆಸರಿನ ಜೊತೆ ಗುರುತಿನ ಸಂಖ್ಯೆಯನ್ನೂ ಕೊಡುತ್ತವೆ. ‘ಕೆ’ ಡ್ರೈವರ್ ಯಾವುದೆಂದು ಹೇಳುತ್ತದೆ. ಹೀಗೊಂದು ಗುಂಪು ಕಾಣಬಹುದು, ಪರದೆಯ ಮೇಲೆ ಇಂಗ್ಲಿಷಿನಲ್ಲಿ:

02:00.0 ನೆಟ್‌ವರ್ಕ್ ಕಂಟ್ರೋಲರ್ [0280]: ರಿಯಲ್‌ಟೆಕ್ ಆರ್‌ಟಿಎಲ್8821ಸಿಇ [10ಇಸಿ:ಸಿ821]
ಕರ್ನಲ್ ಡ್ರೈವರ್ ಇನ್ ಯೂಸ್: ಆರ್‌ಟಿಡಬ್ಲ್ಯೂ_8821ಸಿಇ
ಕರ್ನಲ್ ಮಾಡ್ಯೂಲ್ಸ್: ಆರ್‌ಟಿಡಬ್ಲ್ಯೂ88_8821ಸಿಇ

ಮೊದಲ ಅಂಕಿಗಳು ಬಸ್ಸಿನಲ್ಲಿ ಅದು ಕೂತಿರುವ ವಿಳಾಸ. 0280 ಸಾಧನದ ಜಾತಿ: ವೈಫೈ ಬಹುತೇಕ ಇದರಲ್ಲಿ ಬರುತ್ತದೆ, 0200 ಎಂದರೆ ಈಥರ್‌ನೆಟ್, 0300 ಎಂದರೆ ಡಿಸ್‌ಪ್ಲೇ ಗ್ರಾಫಿಕ್ಸ್. ಎನ್‌ವಿಡಿಯಾ ಚಿಪ್ ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದು 0302, ಅಂದರೆ ‘3ಡಿ ಕಂಟ್ರೋಲರ್‌’ ಎಂದು ಬರುತ್ತದೆ. ‘ವಿಜಿಎ’ ಎಂಬ ಪದವನ್ನಷ್ಟೇ ಹುಡುಕಿ ಗ್ರಾಫಿಕ್ಸ್ ಕಾರ್ಡೇ ಇಲ್ಲ ಎಂದು ಗಾಬರಿಯಾಗಬೇಡಿ.

ಕೊನೆಯ ಚೌಕ ಆವರಣದಲ್ಲಿರುವುದೇ ನಿಮಗೆ ಬೇಕಾದ ಚಿನ್ನ. ನಡುವಿನ ಕೋಲನ್ (:) ಚಿಹ್ನೆಯ ಎಡಕ್ಕೆ ತಯಾರಕರ ಸಂಖ್ಯೆ, ಬಲಕ್ಕೆ ಚಿಪ್ಪಿನ ಸಂಖ್ಯೆ. ಗಾಡಿಯ ಮೇಲೆ ಕೆಎ 09 ಕಂಡೊಡನೆ ಮೈಸೂರು ಎನ್ನುವ ಹಾಗೆ, ರೂಢಿಯಾದವರು 8086 ಕಂಡರೆ ಇಂಟೆಲ್, 10ಇಸಿ ಕಂಡರೆ ರಿಯಲ್‌ಟೆಕ್, 10ಡಿಇ ಕಂಡರೆ ಎನ್‌ವಿಡಿಯಾ, 1002 ಕಂಡರೆ ಎಎಂಡಿ ಗ್ರಾಫಿಕ್ಸ್, 14ಇ4 ಕಂಡರೆ ಬ್ರಾಡ್‌ಕಾಮ್, 14ಸಿ3 ಕಂಡರೆ ಮೀಡಿಯಾಟೆಕ್ ಎಂದುಬಿಡುತ್ತಾರೆ. 8086 ಎಂಬುದು ಇಂಟೆಲ್ 1978ರಲ್ಲಿ ತಂದ ಪ್ರೊಸೆಸರಿನ ಹೆಸರು. ಕಂಪನಿ ಬೇಕೆಂದೇ ಆ ಸಂಖ್ಯೆ ಹಿಡಿದಿರಬೇಕು! ಚಿಪ್ ಹೇಳುವುದು ಈ ಸಂಖ್ಯೆಗಳನ್ನು ಮಾತ್ರ. ಹೆಸರನ್ನು ನಿಮ್ಮ ಕಂಪ್ಯೂಟರಿನಲ್ಲಿರುವ ಒಂದು ಕಡತ ಜೋಡಿಸುತ್ತದೆ. ಆ ಕಡತ ಹಳೆಯದಾಗಿದ್ದರೆ ಹೆಸರಿನ ಜಾಗದಲ್ಲಿ ಬರೀ ‘ಡಿವೈಸ್ ಸಿ821’ ಎಂದಿರುತ್ತದೆ. ಇದರಿಂದ ಸಾಧನಕ್ಕೇನೂ ಆಗಿಲ್ಲ. ಎಸ್·ಯು·ಡಿ·ಓ ಯು·ಪಿ·ಡಿ·ಎ·ಟಿ·ಇ-ಪಿ·ಸಿ·ಐ·ಐ·ಡಿ·ಎಸ್ ಕೊಟ್ಟರೆ ಹೆಸರುಗಳು ಹೊಸದಾಗುತ್ತವೆ. ಡ್ರೈವರ್ ಹುಡುಕುವಾಗ ಹೆಸರಿಗಿಂತ ಈ ಜೋಡಿ ಸಂಖ್ಯೆಯನ್ನೇ ಹುಡುಕುವುದು ಲೇಸು.

2. ಪಟ್ಟಿಯನ್ನು ಓದಿ ರೋಗ ಹಿಡಿಯುವುದು

ನಿಮ್ಮ ಸಾಧನ ಕೆಳಗಿನ ಯಾವ ಸ್ಥಿತಿಯಲ್ಲಿದೆ ನೋಡಿ.

ಸಾಲೇ ಇಲ್ಲ: ಡ್ರೈವರ್ ಹುಡುಕುವುದನ್ನು ನಿಲ್ಲಿಸಿ. ಡ್ರೈವರ್ ಇಲ್ಲದಿದ್ದರೂ ಪಿಸಿಐ ಸಾಧನ ಪಟ್ಟಿಯಲ್ಲಿ ಬರಬೇಕು. ಬಾರದಿದ್ದರೆ ಬಯಾಸ್‌ನಲ್ಲಿ ಅದನ್ನು ಆಫ್ ಮಾಡಿರಬೇಕು, ಇಲ್ಲವೇ ಕಾರ್ಡ್ ಸಡಿಲವಾಗಿರಬೇಕು, ಇಲ್ಲವೇ ಸತ್ತಿರಬೇಕು. ಅದು ಪಿಸಿಐನಲ್ಲಿ ಇಲ್ಲದೆ ಯುಎಸ್‌ಬಿಯಲ್ಲಿ ಇರಲೂಬಹುದು. ವೈಫೈ ಕಾರ್ಡ್ ತಾವೇ ಬದಲಿಸಿದವರಿಗೆ ಇನ್ನೊಂದು ಎಚ್ಚರ: ಇಂಟೆಲ್ ಎಎಕ್ಸ್201, ಎಎಕ್ಸ್211 ಕಾರ್ಡ್‌ಗಳ ಅರ್ಧ ಭಾಗ ಇಂಟೆಲ್ ಪ್ರೊಸೆಸರ್ ಅಥವಾ ಚಿಪ್‌ಸೆಟ್ಟಿನೊಳಗಿದೆ. ಈ ವ್ಯವಸ್ಥೆಗೆ ಸಿಎನ್‌ವಿಐ ಎಂದು ಹೆಸರು. ಎಎಂಡಿ ಲ್ಯಾಪ್‌ಟಾಪಿಗೋ ಹಳೆಯ ಇಂಟೆಲ್‌ಗೋ ಇವನ್ನು ಹಾಕಿದರೆ ಸ್ಲಾಟಿನಲ್ಲಿ ಸಲೀಸಾಗಿ ಕೂರುತ್ತವೆ, ಪಟ್ಟಿಯಲ್ಲಿ ಮಾತ್ರ ಕಾಣುವುದಿಲ್ಲ. ಅಂಥ ಕಡೆ ಎಎಕ್ಸ್200 ಅಥವಾ ಎಎಕ್ಸ್210 ತೆಗೆದುಕೊಳ್ಳಬೇಕು.

ಸಾಲಿದೆ, ‘ಡ್ರೈವರ್ ಇನ್ ಯೂಸ್‌’ ಇಲ್ಲ: ಹಾರ್ಡ್‌ವೇರ್ ಬದುಕಿದೆ. ಕೆಳಗೆ ‘ಮಾಡ್ಯೂಲ್ಸ್‌’ ಸಾಲೂ ಇಲ್ಲವಾದರೆ ನಿಮ್ಮ ಕರ್ನಲ್ಲಿಗೆ, ಅಂದರೆ ಲಿನಕ್ಸಿನ ಹೃದಯಭಾಗಕ್ಕೆ, ಈ ಚಿಪ್ ಗೊತ್ತೇ ಇಲ್ಲ. ಹೊಸ ಲ್ಯಾಪ್‌ಟಾಪಿಗೆ ಹಳೆಯ ಆವೃತ್ತಿ ಹಾಕಿದಾಗ ಇದು ಸಾಮಾನ್ಯ. ಎಲ್ಲಿಂದಲೋ ಡ್ರೈವರ್ ಇಳಿಸಿ ಕಂಪೈಲ್ ಮಾಡುವ ಮೊದಲು ಹೊಸ ಕರ್ನಲ್ ಹಾಕಿ ನೋಡಿ. ‘ಮಾಡ್ಯೂಲ್ಸ್‌’ ಇದ್ದು ‘ಇನ್ ಯೂಸ್‌’ ಇಲ್ಲದಿದ್ದರೆ ಡ್ರೈವರ್ ಇದೆ, ಆದರೆ ನಿಲ್ಲುತ್ತಿಲ್ಲ. ಎನ್‌ವಿಡಿಯಾ ಮತ್ತು ಬ್ರಾಡ್‌ಕಾಮ್‌ನ ಡ್ರೈವರ್ ಆಗಿದ್ದರೆ ಮೊದಲ ಗುಮಾನಿ ಸೆಕ್ಯೂರ್ ಬೂಟ್ ಮೇಲೆ: ಸಹಿಯಿಲ್ಲದ ಡ್ರೈವರನ್ನು ಅದು ಒಳಗೆ ಬಿಡುವುದಿಲ್ಲ. ಎಂ·ಓ·ಕೆ·ಯು·ಟಿ·ಐ·ಎಲ್ --ಎಸ್·ಬಿ-ಎಸ್·ಟಿ·ಎ·ಟಿ·ಇ ಕೊಟ್ಟರೆ ಅದು ಆನ್ ಇದೆಯೋ ಆಫ್ ಇದೆಯೋ ತಿಳಿಯುತ್ತದೆ.

ಎಲ್ಲ ಸಾಲಿಗೂ ಡ್ರೈವರ್ ಇರಲೇಬೇಕೆಂದಿಲ್ಲ. ‘ಹೋಸ್ಟ್ ಬ್ರಿಡ್ಜ್‌’, ‘ಐಎಸ್‌ಎ ಬ್ರಿಡ್ಜ್‌’ ಎಂಬ ಸಾಲುಗಳಿಗೆ ಡ್ರೈವರ್ ಇಲ್ಲದಿರುವುದು ಮಾಮೂಲು.

ಡ್ರೈವರ್ ಇದೆ, ಕೆಲಸವಿಲ್ಲ: ಎರಡು ಕಡೆ ನೋಡಿ. ಮೊದಲನೆಯದು ಫರ್ಮ್‌ವೇರ್. ಕಾರ್ಡ್ ಆನ್ ಆದಾಗ ಡ್ರೈವರ್ ಅದರೊಳಗೆ ತುಂಬುವ ಪುಟ್ಟ ತಂತ್ರಾಂಶ ಇದು.

ಎಸ್·ಯು·ಡಿ·ಓ ಡಿ·ಎಂ·ಇ·ಎಸ್·ಜಿ | ಜಿ·ಆರ್·ಇ·ಪಿ -ಐ ಎಫ್·ಐ·ಆರ್·ಎಂ·ಡಬ್ಲ್ಯೂ·ಎ·ಆರ್·ಇ

ನಡುವಿನ ನೆಟ್ಟಗಿನ ಗೆರೆ ಎಂಟರ್ ಕೀಲಿಯ ಮೇಲೆ ಅಥವಾ ಪಕ್ಕದಲ್ಲಿ, ಶಿಫ್ಟ್ ಒತ್ತಿದರೆ ಬರುತ್ತದೆ. ಉತ್ತರದಲ್ಲಿ ‘ಫೇಲ್ಡ್ ಟು ಲೋಡ್‌’ ಎಂದು ಕಂಡರೆ ಫರ್ಮ್‌ವೇರ್ ಕಡತ ಇಲ್ಲ. ಕೆಲವು ಡ್ರೈವರ್‌ಗಳು ಫರ್ಮ್‌ವೇರ್ ಸಿಗದಿದ್ದರೆ ಕಾರ್ಡನ್ನೇ ಕೈಬಿಡುತ್ತವೆ, ಆಗ ‘ಇನ್ ಯೂಸ್‌’ ಸಾಲೂ ಮಾಯವಾಗಿ ಹಿಂದಿನ ಸ್ಥಿತಿಯಂತೆ ಕಾಣುತ್ತದೆ. ಆದ್ದರಿಂದ ಆ ಸ್ಥಿತಿಯಲ್ಲೂ ಈ ಕಮಾಂಡ್ ಕೊಟ್ಟು ನೋಡಿ. ಡೆಬಿಯನ್ ತನ್ನ ಅಧಿಕೃತ ಇನ್‌ಸ್ಟಾಲರಿನಲ್ಲಿ ಇಂಥ ಮುಕ್ತವಲ್ಲದ ಫರ್ಮ್‌ವೇರನ್ನು ಸೇರಿಸಿದ್ದು 2023ರಲ್ಲಿ ಬಂದ 12ನೇ ಆವೃತ್ತಿಯಿಂದ. ಅದಕ್ಕೂ ಹಳೆಯದನ್ನು ಹಾಕಿದವರಿಗೆ ಈ ಕಾಟ ಹೆಚ್ಚು.

ಎರಡನೆಯದು ರೇಡಿಯೊ ಸ್ವಿಚ್. ಆರ್·ಎಫ್·ಕೆ·ಐ·ಎಲ್·ಎಲ್ ಎಂದಷ್ಟೇ ಕೊಡಿ. ‘ಸಾಫ್ಟ್‌’ ಕೆಳಗೆ ‘ಬ್ಲಾಕ್ಡ್‌’ ಎಂದಿದ್ದರೆ ತಂತ್ರಾಂಶ ತಡೆದಿದೆ, ಏರೋಪ್ಲೇನ್ ಮೋಡ್ ತೆಗೆಯಿರಿ. ‘ಹಾರ್ಡ್‌’ ಕೆಳಗೆ ಹಾಗಿದ್ದರೆ ಲ್ಯಾಪ್‌ಟಾಪಿನ ಅಂಚಿನ ಸ್ವಿಚ್ಚೋ ಫಂಕ್ಷನ್ ಕೀಲಿಯೋ ಆಫ್ ಆಗಿದೆ. ಯಾವ ಕಮಾಂಡಿಗೂ ಅದು ಬಗ್ಗುವುದಿಲ್ಲ.

3. ಯುಎಸ್‌ಬಿ ಪಟ್ಟಿ

ಎಲ್·ಎಸ್·ಯು·ಎಸ್·ಬಿ
ಎಲ್·ಎಸ್·ಯು·ಎಸ್·ಬಿ -ಟಿ

ಮೊದಲನೆಯದು ಹೆಸರು, ಸಂಖ್ಯೆಗಳ ಪಟ್ಟಿ. ಎರಡನೆಯದು ಯಾವುದು ಯಾವ ಹಬ್ಬಿಗೆ ಸಿಕ್ಕಿದೆ, ಯಾವ ಡ್ರೈವರ್, ಎಷ್ಟು ವೇಗ ಎಂಬುದರ ಮರ. 1ಡಿ6ಬಿ ಎಂದು ಶುರುವಾಗುವ ಸಂಖ್ಯೆಗಳು ಲಿನಕ್ಸ್ ಫೌಂಡೇಶನ್‌ನವು, ನಿಮ್ಮದೇ ಪೋರ್ಟ್‌ಗಳ ಮೂಲ ಹಬ್‌ಗಳು. ಬಿಟ್ಟು ಮುಂದೆ ಹೋಗಿ.

ವೇಗದ ಅಂಕಿ ಉಪಯುಕ್ತ. 480ಎಂ ಎಂದರೆ ಯುಎಸ್‌ಬಿ 2.0, 5000ಎಂ ಎಂದರೆ 3.0. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ 3.0 ಆಗಿದ್ದೂ 480ರಲ್ಲಿ ಓಡುತ್ತಿದ್ದರೆ ಕೇಬಲ್ ಅಥವಾ ಪೋರ್ಟ್ ಹಳೆಯದು. ಫೋನ್ ಸಿಕ್ಕಿಸಿದರೂ ಪಟ್ಟಿಯಲ್ಲಿ ಏನೂ ಬಾರದಿದ್ದರೆ ಕೇಬಲ್ ಬದಲಿಸಿ. ಚಾರ್ಜ್ ಮಾತ್ರ ಮಾಡುವ, ಡೇಟಾ ತಂತಿಯೇ ಇಲ್ಲದ ಕೇಬಲ್‌ಗಳು ಮನೆಮನೆಯಲ್ಲೂ ಇವೆ.

ವೈಫೈ ಮತ್ತು ಬ್ಲೂಟೂತ್ ಒಂದೇ ಕಾರ್ಡಿನಲ್ಲಿದ್ದರೂ ವೈಫೈ ಪಿಸಿಐ ಪಟ್ಟಿಯಲ್ಲಿ, ಬ್ಲೂಟೂತ್ ಸಾಮಾನ್ಯವಾಗಿ ಯುಎಸ್‌ಬಿ ಪಟ್ಟಿಯಲ್ಲಿ ಬರುತ್ತದೆ. ಡೆಸ್ಕ್‌ಟಾಪಿಗೆ ಪಿಸಿಐ ವೈಫೈ ಕಾರ್ಡ್ ಹಾಕಿದವರು ‘ವೈಫೈ ಇದೆ, ಬ್ಲೂಟೂತ್ ಇಲ್ಲ’ ಎನ್ನುವುದು ಇದಕ್ಕೇ: ಕಾರ್ಡಿನ ಜೊತೆ ಬಂದ ಚಿಕ್ಕ ತಂತಿಯನ್ನು ಮದರ್‌ಬೋರ್ಡಿನ ಯುಎಸ್‌ಬಿ ಪಿನ್ನುಗಳಿಗೆ ಸಿಕ್ಕಿಸಿರುವುದಿಲ್ಲ.

ಕಡಿಮೆ ಬೆಲೆಯ ಯುಎಸ್‌ಬಿ ವೈಫೈ ಡಾಂಗಲ್ ಕೊಂಡವರಿಗೆ ಒಂದು ಸೋಜಿಗ ಕಾದಿರಬಹುದು. ಪಟ್ಟಿಯಲ್ಲಿ ಅದು 0ಬಿಡಿಎ:1ಎ2ಬಿ ಎಂದು, ಡಿಸ್ಕ್ ರೂಪದಲ್ಲಿ ಬರುತ್ತದೆ. ವಿಂಡೋಸ್ ಡ್ರೈವರ್ ತುಂಬಿದ ಸಿಡಿಯಂತೆ ವೇಷ ಹಾಕಿಕೊಂಡು ಕೂತಿದೆ ಅದು. ಆ ಡಿಸ್ಕನ್ನು ಫೈಲ್ ಮ್ಯಾನೇಜರಿನಲ್ಲಿ ‘ಇಜೆಕ್ಟ್‌’ ಮಾಡಿದರೆ ಎಷ್ಟೋ ಸಲ ನಿಜರೂಪಕ್ಕೆ ಬರುತ್ತದೆ, ಸಂಖ್ಯೆಯೂ ಬದಲಾಗುತ್ತದೆ. ಡ್ರೈವರ್ ಹುಡುಕಬೇಕಾದ್ದು ಆ ಹೊಸ ಸಂಖ್ಯೆಗೆ.

ಬೆರಳಚ್ಚು ಓದುವ ಸಾಧನಕ್ಕೆ ಮರದಲ್ಲಿ ಡ್ರೈವರ್ ಇಲ್ಲವೆಂದು ಕಂಡರೆ ದೂರಬೇಡಿ. ಅದನ್ನು ನಡೆಸುವುದು ಕರ್ನಲ್ ಹೊರಗಿನ ಲೈಬ್ರರಿ.

4. ಡಿಸ್ಕ್

ಎಲ್·ಎಸ್·ಬಿ·ಎಲ್·ಕೆ -ಡಿ -ಓ +ಆರ್·ಓ·ಟಿ·ಎ,ಎಂ·ಓ·ಡಿ·ಇ·ಎಲ್

‘ರೋಟ’ ಕೆಳಗೆ 1 ಇದ್ದರೆ ತಿರುಗುವ ಹಾರ್ಡ್‌ಡಿಸ್ಕ್, 0 ಇದ್ದರೆ ಎಸ್‌ಎಸ್‌ಡಿ. ಯುಎಸ್‌ಬಿ ಪೆಟ್ಟಿಗೆಯೊಳಗಿನ ಡಿಸ್ಕಿಗೆ ಈ ಗುರುತನ್ನು ನಂಬಬೇಡಿ, ಪೆಟ್ಟಿಗೆಯ ಚಿಪ್ ನಿಜ ಹೇಳದೆ ಇರಬಹುದು. ಉಬುಂಟುವಿನಲ್ಲಿ ‘ಲೂಪ್‌’ ಎಂದು ಶುರುವಾಗುವ ಹತ್ತಾರು ಸಾಲು ಬಂದರೆ ಅವು ಸ್ನ್ಯಾಪ್ ಆ್ಯಪ್‌ಗಳು, ಹಾರ್ಡ್‌ವೇರ್ ಅಲ್ಲ.

512 ಜಿಬಿ ಎಸ್‌ಎಸ್‌ಡಿ ಇಲ್ಲಿ 476.9ಜಿ ಎಂದೂ, 1 ಟಿಬಿ 931.5ಜಿ ಎಂದೂ ಕಾಣುತ್ತದೆ. ಯಾರೂ ಕದ್ದಿಲ್ಲ; ತಯಾರಕರು 1,000ದ ಲೆಕ್ಕ ಹಿಡಿದರೆ ಈ ಕಮಾಂಡ್ 1,024ರ ಲೆಕ್ಕ ಹಿಡಿಯುತ್ತದೆ. ನಿಜವಾದ ಮೋಸ ಪೆನ್‌ಡ್ರೈವ್‌ಗಳಲ್ಲಿದೆ. ಕೆಲವು ನೂರು ರೂಪಾಯಿಗೆ ಸಿಗುವ ‘2 ಟಿಬಿ’ ಪೆನ್‌ಡ್ರೈವ್ ಇಲ್ಲೂ 2 ಟಿಬಿ ಎಂದೇ ಕಾಣುತ್ತದೆ, ಏಕೆಂದರೆ ಸುಳ್ಳು ಹೇಳುವುದು ಅದರೊಳಗಿನ ಚಿಪ್ಪೇ. ಅಲ್ಲಿ ಪಟ್ಟಿ ಸಾಕ್ಷಿಯಾಗದು. ಪೂರ್ತಿ ಬರೆದು ಮತ್ತೆ ಓದಿ ನೋಡುವ ‘ಎಫ್3’ ಎಂಬ ಸಲಕರಣೆ ಬೇಕು.

ಇನ್‌ಸ್ಟಾಲ್ ಮಾಡುವಾಗ ಎಸ್‌ಎಸ್‌ಡಿಯೇ ಕಾಣದಿದ್ದರೆ ಬಯಾಸ್‌ನಲ್ಲಿ ಸ್ಟೋರೇಜ್ ಮೋಡ್ ‘ಆರ್‌ಎಸ್‌ಟಿ’ ಅಥವಾ ‘ರೇಡ್‌’ ಆಗಿದೆಯೇ ನೋಡಿ. ‘ಎಎಚ್‌ಸಿಐ’ಗೆ ಬದಲಿಸಿದರೆ ಕಾಣುತ್ತದೆ. ಆದರೆ ಅದರಲ್ಲಿ ವಿಂಡೋಸ್ ಇದ್ದರೆ ಅವಸರ ಬೇಡ: ಮುಂಚೆ ಸೇಫ್ ಮೋಡ್‌ನ ಸಿದ್ಧತೆ ಮಾಡದೆ ಬದಲಿಸಿದರೆ ವಿಂಡೋಸ್ ಬೂಟ್ ಆಗದೆ ಇರಬಹುದು, ವಿಂಡೋಸಿನ ಡಿಸ್ಕ್ ಬೀಗವಾದ ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಕೇಳಬಹುದು. ಆ ಕೀಯನ್ನು ಮೊದಲು ಬರೆದಿಟ್ಟುಕೊಳ್ಳಿ.

ಹಳೆಯ ಎಸ್‌ಎಸ್‌ಡಿ ಎಷ್ಟು ಸವೆದಿದೆ ಎಂದು ತಿಳಿಯಲು ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಪ್ಯಾಕೇಜ್ ಹಾಕಿಕೊಂಡು:

ಎಸ್·ಯು·ಡಿ·ಓ ಎಸ್·ಎಂ·ಎ·ಆರ್·ಟಿ·ಸಿ·ಟಿ·ಎಲ್ -ಎ /ಡಿ·ಇ·ವಿ/ಎನ್·ವಿ·ಎಂ·ಇ·0

‘ಪರ್ಸೆಂಟೇಜ್ ಯೂಸ್ಡ್‌’ ಎಂಬುದು ತುಂಬಿದ ಜಾಗವಲ್ಲ, ಕಂಪನಿ ಅಂದಾಜಿಸಿದ ಆಯುಷ್ಯದಲ್ಲಿ ಕಳೆದ ಪಾಲು. ‘ಪವರ್ ಆನ್ ಅವರ್ಸ್‌’ ಓಡಿದ ಗಂಟೆ. ‘ಹೊಸದು’ ಎಂದು ಮಾರಿದ ಡಿಸ್ಕ್ ಸಾವಿರಗಟ್ಟಲೆ ಗಂಟೆ ತೋರಿಸಿದರೆ ಮಾತಾಡಬೇಕಾದ್ದು ಅಂಗಡಿಯವರ ಹತ್ತಿರ.

5. ರ‍್ಯಾಮ್ ಮತ್ತು ಪ್ರೊಸೆಸರ್

ಎಫ್·ಆರ್·ಇ·ಇ -ಎಚ್ ತೋರಿಸುವುದು ಬಳಕೆಗೆ ಸಿಕ್ಕ ರ‍್ಯಾಮ್. 8 ಜಿಬಿ ಇರುವಲ್ಲಿ 7.6 ಅಥವಾ ಇನ್ನೂ ಕಡಿಮೆ ಕಾಣಬಹುದು. ಉಳಿದದ್ದನ್ನು ಗ್ರಾಫಿಕ್ಸ್ ಮತ್ತು ಫರ್ಮ್‌ವೇರ್ ಹಿಡಿದಿಟ್ಟಿವೆ. ಯಾವ ಸ್ಲಾಟಿನಲ್ಲಿ ಏನಿದೆ ಎಂದು ತಿಳಿಯಲು:

ಎಸ್·ಯು·ಡಿ·ಓ ಡಿ·ಎಂ·ಐ·ಡಿ·ಇ·ಸಿ·ಓ·ಡಿ·ಇ -ಟಿ 17

‘ಸೈಜ್‌’ ಎದುರು ‘ನೋ ಮಾಡ್ಯೂಲ್ ಇನ್‌ಸ್ಟಾಲ್ಡ್‌’ ಎಂದಿದ್ದರೆ ಸ್ಲಾಟ್ ಖಾಲಿ. ‘ಫಾರ್ಮ್ ಫ್ಯಾಕ್ಟರ್‌’ ಎದುರು ‘ಸೋಡಿಮ್‌’ ಎಂದಿದ್ದರೆ ಬಿಚ್ಚಿ ಬದಲಿಸಬಹುದಾದ ರ‍್ಯಾಮ್, ‘ರೋ ಆಫ್ ಚಿಪ್ಸ್‌’ ಎಂದಿದ್ದರೆ ಬೋರ್ಡಿಗೇ ಬೆಸುಗೆ ಹಾಕಿದ್ದು. ‘ಟೈಪ್‌’ ಡಿಡಿಆರ್4 ಎಂದಿದ್ದರೆ ಡಿಡಿಆರ್5 ಕೂರುವುದಿಲ್ಲ. ‘ಸ್ಪೀಡ್‌’ ಎಂಬುದು ರ‍್ಯಾಮ್ ಕಡ್ಡಿಯ ಸಾಮರ್ಥ್ಯ, ‘ಕಾನ್ಫಿಗರ್ಡ್ ಮೆಮೊರಿ ಸ್ಪೀಡ್‌’ ಈಗ ಓಡುತ್ತಿರುವ ವೇಗ. 17ರ ಬದಲು 16 ಹಾಕಿದರೆ ಗರಿಷ್ಠ ಎಷ್ಟು ಹಾಕಬಹುದೆಂದು ಬರುತ್ತದೆ, ಅದನ್ನು ಪೂರ್ತಿ ನಂಬಬೇಡಿ. ಈ ಕಮಾಂಡ್ ಚಿಪ್ಪನ್ನು ಕೇಳುವುದಿಲ್ಲ, ಬಯಾಸ್ ಬರೆದಿಟ್ಟ ಕೋಷ್ಟಕವನ್ನು ಓದಿ ಹೇಳುತ್ತದೆ. ಬಯಾಸ್ ತಪ್ಪು ಬರೆದಿದ್ದರೆ ಇದೂ ತಪ್ಪು.

ಪ್ರೊಸೆಸರಿಗೆ ಎಲ್·ಎಸ್·ಸಿ·ಪಿ·ಯು. ‘ಸಿಪಿಯು(ಎಸ್)’ ಎದುರಿನ 8 ಎಂಬುದು ಎಂಟು ಕೋರ್ ಎಂದಲ್ಲ; ‘ಥ್ರೆಡ್ಸ್ ಪರ್ ಕೋರ್‌’ 2 ಇದ್ದರೆ ಕೋರ್ ನಾಲ್ಕೇ.

6. ಎರಡೂ ಪಟ್ಟಿಯಲ್ಲಿ ಸಿಗದವು

ಟಚ್‌ಪ್ಯಾಡ್ ಎಷ್ಟು ಹುಡುಕಿದರೂ ಸಿಗುತ್ತಿಲ್ಲವೇ? ಅದು ಐ2ಸಿ ಅಥವಾ ಪಿಎಸ್/2 ದಾರಿಯಲ್ಲಿದೆ. ಸಿ·ಎ·ಟಿ /ಪಿ·ಆರ್·ಓ·ಸಿ/ಬಿ·ಯು·ಎಸ್/ಐ·ಎನ್·ಪಿ·ಯು·ಟಿ/ಡಿ·ಇ·ವಿ·ಐ·ಸಿ·ಇ·ಎಸ್ ಕೊಟ್ಟು ನೋಡಿ. ಬ್ಯಾಟರಿಗೆ ಯು·ಪಿ·ಓ·ಡಬ್ಲ್ಯೂ·ಇ·ಆರ್ -ಡಿ. ‘ಎನರ್ಜಿ ಫುಲ್‌’ ಈಗ ತುಂಬುವಷ್ಟು, ‘ಎನರ್ಜಿ ಫುಲ್ ಡಿಸೈನ್‌’ ಹೊಸದಿದ್ದಾಗ ತುಂಬುತ್ತಿದ್ದಷ್ಟು. ಮೊದಲನೆಯದು ಎರಡನೆಯದರ ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನೂ ಚೌಕಾಸಿಗೆ ಸೇರಿಸಿ.

ಎಲ್ಲವನ್ನೂ ಒಟ್ಟಿಗೆ ನೋಡುವ ಆಸೆಯಿದ್ದರೆ ಎಸ್·ಯು·ಡಿ·ಓ ಎಲ್·ಎಸ್·ಎಚ್·ಡಬ್ಲ್ಯೂ -ಎಸ್·ಎಚ್·ಓ·ಆರ್·ಟಿ ಇದೆ. ಕೊನೆಯ ತುಂಡನ್ನು ಬಿಟ್ಟು ಓಡಿಸಿದರೆ ಉದ್ದನೆಯ ವಿವರ ಬರುತ್ತದೆ, ಅದರಲ್ಲಿ ‘ಅನ್‌ಕ್ಲೇಮ್ಡ್‌’ ಎಂದಿರುವ ಸಾಧನಕ್ಕೆ ಡ್ರೈವರ್ ಇಲ್ಲ. ಸುಡೊ ಇಲ್ಲದೆ ಕೊಟ್ಟರೆ ಪಟ್ಟಿ ಅರೆಬರೆ. ನನ್ನ ಮತ ಕೇಳಿದರೆ, ವೈಫೈ ತೊಂದರೆಗೆ ಇದರ ಗೊಡವೆ ಬೇಡ, ಮೊದಲ ಹಂತದ ಪಟ್ಟಿಯೇ ಚೊಕ್ಕ.

7. ಸಹಾಯ ಕೇಳುವಾಗ

ಪರದೆಯ ಫೋಟೊ ಹೊಡೆದು ಕಳಿಸಬೇಡಿ. ಅದರಿಂದ ಸಂಖ್ಯೆಯನ್ನು ಕಾಪಿ ಮಾಡಲಾಗದು, 8 ಮತ್ತು ಬಿ ಒಂದೇ ಥರ ಕಾಣುತ್ತವೆ. ಕಮಾಂಡಿನ ಕೊನೆಗೆ ಬಲಕ್ಕೆ ಬಾಗಿದ ಕೋನ ಚಿಹ್ನೆ ಹಾಕಿ ಕಡತದ ಹೆಸರು ಕೊಟ್ಟರೆ ಉತ್ತರ ಅದರೊಳಗೆ ಉಳಿಯುತ್ತದೆ:

ಎಲ್·ಎಸ್·ಪಿ·ಸಿ·ಐ -ಎನ್·ಎನ್·ಕೆ > ಪಿ·ಸಿ·ಐ.ಟಿ·ಎಕ್ಸ್·ಟಿ

ಇಲ್ಲಿ ಕಡತದ ಹೆಸರಿನ ನಡುವಿನ ಪೂರ್ಣವಿರಾಮ ಮಾತ್ರ ಒತ್ತಬೇಕು. ಬಾಗಿದ ಕೋನ ಒಂದೇ ಇರಲಿ, ಅದೇ ಹೆಸರಿನ ಹಳೆಯ ಕಡತವಿದ್ದರೆ ಕೇಳದೆ ಅಳಿಸಿ ಬರೆಯುತ್ತದೆ ಎಂಬುದೂ ನೆನಪಿರಲಿ. ಇದರ ಜೊತೆ ಯು·ಎನ್·ಎ·ಎಂ·ಇ -ಆರ್ ಕೊಟ್ಟಾಗ ಬರುವ ಕರ್ನಲ್ ಆವೃತ್ತಿಯನ್ನೂ, ನಿಮ್ಮ ಲಿನಕ್ಸಿನ ಹೆಸರು ಮತ್ತು ಆವೃತ್ತಿಯನ್ನೂ ಬರೆಯಿರಿ.

ಪಿಸಿಐ ಪಟ್ಟಿಯನ್ನು ಈ ರೂಪದಲ್ಲಿ ಹಂಚಿಕೊಳ್ಳಲು ಹೆದರಬೇಕಿಲ್ಲ. 5ನೇ ಹಂತದ ರ‍್ಯಾಮ್ ಕಮಾಂಡ್, ಡಿಸ್ಕ್ ಆರೋಗ್ಯದ ವರದಿ ಮತ್ತು ಉದ್ದನೆಯ ಒಟ್ಟು ಪಟ್ಟಿ ಹಾಗಲ್ಲ: ಅವುಗಳಲ್ಲಿ ಸೀರಿಯಲ್ ನಂಬರ್, ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸ ಇರುತ್ತವೆ. ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ಸಿಕ್ಕವರು ನಿಮ್ಮ ಹೆಸರಿನಲ್ಲಿ ವಾರಂಟಿ ವಿಚಾರಿಸಲು ಆಗಬಹುದು. ಒಟ್ಟು ಪಟ್ಟಿಗೆ -ಎಸ್·ಎ·ಎನ್·ಐ·ಟಿ·ಐ·ಝೆಡ್·ಇ ಎಂದು ಸೇರಿಸಿದರೆ ಇಂಥವನ್ನು ತಾನೇ ಮರೆಮಾಡುತ್ತದೆ. ಉಳಿದವನ್ನು ಕಳಿಸುವ ಮೊದಲು ಕೈಯಾರೆ ಅಳಿಸಿ.